ಕರುಳು ತೂತಾಗುವುದು: ಸರ್ಜನ್ ಅವರಿಗೆ ಕೇಳಿ

ಹಾಸನದ ಸದಸ್ಯರು: ಡಾಕ್ಟ್ರೇ, ತಮ್ಮನಿಗೆ 34 ವರ್ಷ. ಅಪೆಂಡಿಕ್ಸ್ ಅಂತ ಹೊಟ್ಟೆ ತೆರೆದರು. ಅಪೆಂಡಿಕ್ಸ್ ಚೆನ್ನಾಗೇ ಇತ್ತಂತೆ, ಸಣ್ಣ ಕರುಳಿನ ಒಂದು ಚೀಲ ತೂತಾಗಿತ್ತಂತೆ. ಎಲ್ಲಿಂದ ಬಂತು ಇದು?

ಸರ್ಜನ್: ಹುಟ್ಟಿದಾಗಿನಿಂದಲೇ ಇತ್ತು. ಮೆಕಲ್ಸ್ ಡೈವರ್ಟಿಕ್ಯುಲಂ. ನೂರರಲ್ಲಿ ಸುಮಾರು ಇಬ್ಬರಿಗೆ ಇರುತ್ತದೆ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಮೀನಿನ ಮುಳ್ಳು ಚುಚ್ಚಿಯೂ ತೂತಾಗಬಹುದು. ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ, ಸಿಟಿ ಸ್ಕ್ಯಾನ್ ಬೇಕು. ಚೀಲ ತೆಗೆದಿದ್ದರೆ ಚಿಂತೆ ಬೇಡ.

ಕುಮಟಾದ ಸದಸ್ಯೆ: ಅಕ್ಕನಿಗೆ 28. ಹೋದ ವರ್ಷ ದೊಡ್ಡ ಕರುಳು ತೂತಾಗಿ ಹೊಲಿದರು. ಈಗ ಬೇರೆ ಕಡೆ ಮತ್ತೆ ಆಗಿದೆ. ಟೈಫಾಯ್ಡ್ ಇಲ್ಲ, ಟಿಬಿ ಇಲ್ಲ. ಚಿಕ್ಕಂದಿನಿಂದಲೂ ಮೈ ಸ್ವಲ್ಪ ತಾಗಿದರೆ ಸಾಕು, ನೀಲಿಗಟ್ಟುತ್ತದೆ. ಮಗು ಬೇಕು ಅಂತಿದ್ದಾಳೆ.

ತುಮಕೂರಿನ ಸದಸ್ಯರು: ಖಾಲಿ ಹೊಟ್ಟೆಗೆ ಹರಳೆಣ್ಣೆ ಕೊಡಿ. ಕರುಳು ಗಟ್ಟಿಯಾಗುತ್ತದೆ. ಫಾರ್ವರ್ಡ್ ಹಾಕಿದ್ದೇನೆ, ನೋಡಿ.

ಸರ್ಜನ್: ದಯವಿಟ್ಟು ಅದನ್ನು ಅಳಿಸಿ. ತೂತಾದ ಕರುಳಿಗೆ ಭೇದಿ ಕೊಟ್ಟರೆ ಮಲ ಹೊಟ್ಟೆಯೊಳಗೆ ಹರಡಿ ಜನ ಸಾಯುತ್ತಾರೆ.

ಕುಮಟಾದವರೇ, ನಿಮ್ಮ ಅಕ್ಕನ ವಿಷಯ ಓದಿ ನನಗೆ ಸಮಾಧಾನವಿಲ್ಲ. ಕರುಳು, ರಕ್ತನಾಳ, ಗರ್ಭಕೋಶ, ಇವುಗಳ ಗೋಡೆಗೆ ಬಲ ಕೊಡುವುದು ಕೊಲಾಜನ್ ಅನ್ನುವ ನಾರು. ಅದರ ಒಂದು ಬಗೆ ಹುಟ್ಟಿನಿಂದಲೇ ಸರಿಯಾಗಿ ತಯಾರಾಗದ ಕಾಯಿಲೆ ಇದೆ, ವ್ಯಾಸ್ಕುಲರ್ ಎಹ್ಲರ್ಸ್-ಡಾನ್ಲೋಸ್. ತುಂಬ ಅಪರೂಪ. ಚರ್ಮ ತೆಳು, ಎದೆಯ ಮೇಲೆ ರಕ್ತನಾಳಗಳೆಲ್ಲ ಕಾಣುತ್ತವೆ, ಕರುಳಿಗೆ ಹೊಲಿಗೆ ಹಾಕಿದರೆ ನೆನೆದ ಹಪ್ಪಳದ ಹಾಗೆ ಅಲ್ಲೇ ಹರಿಯುತ್ತದೆ. ನೋಡದೆ ಇದೇ ಅಂತ ಹೇಳಲಾರೆ, ಆದರೆ ಜೀನ್ ಪರೀಕ್ಷೆ ಮಾಡಿಸಲೇಬೇಕು, ಫಲಿತಾಂಶ ಬರುವ ತನಕ ಕೊಲೊನೋಸ್ಕೋಪಿ (ಕ್ಯಾಮೆರಾ ನಳಿಗೆ ಹಾಕಿ ದೊಡ್ಡ ಕರುಳು ನೋಡುವುದು) ಬೇಡ, ಬಸಿರು ಅಂತೂ ಬೇಡವೇ ಬೇಡ, ಈ ಕಾಯಿಲೆಯಲ್ಲಿ ಹೆರಿಗೆ ಹೊತ್ತಿಗೆ ಗರ್ಭಕೋಶ, ರಕ್ತನಾಳ ಒಡೆಯಬಹುದು.

ದಾವಣಗೆರೆಯ ಸದಸ್ಯರು: ಗ್ಯಾಸ್ಟ್ರಿಕ್ ಮಾತ್ರೆ ಎಷ್ಟು ದಿನ ತಗೋಬಹುದು ಸರ್?

ತುಮಕೂರಿನ ಸದಸ್ಯರು: ನಮ್ಮಜ್ಜಿ 90 ವರ್ಷ ಹರಳೆಣ್ಣೆ ಕುಡಿದೇ ಬದುಕಿದರು. ಡಾಕ್ಟರುಗಳಿಗೆ ಎಲ್ಲದಕ್ಕೂ ಟೆಸ್ಟು.

ದುಬೈನ ಸದಸ್ಯರು: ನಿಮ್ಮಜ್ಜಿಗೆ ಕರುಳು ತೂತಾಗಿತ್ತಾ? ಸುಮ್ನೆ ಇರ್ರೀ.

ತುಮಕೂರಿನ ಸದಸ್ಯರು: ಹಿರಿಯರ ಬಗ್ಗೆ ನಾಲಿಗೆ ಬಿಗಿ ಇರಲಿ.

ಮೈಸೂರಿನ ಸದಸ್ಯೆ: ಎಕ್ಸ್‌ರೇ ಸಾಕಾಗಲ್ವಾ ಡಾಕ್ಟ್ರೇ?

ಸರ್ಜನ್: ಮೇಲೆ ಬರೆದಿದ್ದೇನೆ. ಓದಿ.

ದುಬೈನ ಸದಸ್ಯರು: ಅಡ್ಮಿನ್, ಆ ಫಾರ್ವರ್ಡ್ ಇನ್ನೂ ಇದೆ.

ಕುಮಟಾದ ಸದಸ್ಯೆ: ಸರ್, ಅಮ್ಮನಿಗೂ ಹೀಗೇ ನೀಲಿಗಟ್ಟುತ್ತಿತ್ತು. 41ಕ್ಕೆ ಹೊಟ್ಟೆಯಲ್ಲಿ ರಕ್ತನಾಳ ಒಡೆದು ಹೋದರು.

ಸರ್ಜನ್: ಇದನ್ನು ಅಕ್ಕನ ಡಾಕ್ಟರಿಗೆ ಇವತ್ತೇ ಹೇಳಿ, ನಾಳೆ ಅನ್ನಬೇಡಿ. ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮ ಮೈ ಹೇಗಿದೆ? ನಿಮಗೂ ನೀಲಿಗಟ್ಟುತ್ತದಾ?