ದವಡೆ ಹಲ್ಲಿಗೆ ಸೆರಾಮಿಕ್ ಕ್ಯಾಪ್ ತಡೆಯುತ್ತದಾ?

ಶಿರಸಿಯವ:
ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿ ಎರಡು ವಾರ ಆಯಿತು, ಈಗ ಕ್ಯಾಪ್ ಹಾಕಬೇಕು. ಡಾಕ್ಟರು ಮೂರು ತರ ಹೇಳಿದ್ದಾರೆ: ಒಳಗೆ ಲೋಹ ಮೇಲೆ ಪಿಂಗಾಣಿ ಇರುವುದು, ಇ-ಮ್ಯಾಕ್ಸ್ (ಗಾಜಿನ ಜಾತಿಯ ಸೆರಾಮಿಕ್), ಜಿರ್ಕೋನಿಯಾ (ಲೋಹ ಇಲ್ಲದ ಗಟ್ಟಿ ಬಿಳಿ ಸೆರಾಮಿಕ್). ಜಿರ್ಕೋನಿಯಾಕ್ಕೆ 10 ವರ್ಷದ ವಾರಂಟಿ ಕಾರ್ಡ್ ಕೊಡುತ್ತಾರಂತೆ, ದುಡ್ಡೂ ಜಾಸ್ತಿ. ನನಗೆ ಊಟ ಆದಮೇಲೆ ಕವಳ (ಎಲೆ ಅಡಿಕೆ) ಬೇಕೇ ಬೇಕು, ದಯವಿಟ್ಟು ಬೈಯಬೇಡಿ. ಪಿಂಗಾಣಿ ಅಂದರೆ ಚಹಾ ಕುಡಿಯುವ ಕಪ್ಪು ಬಸಿ ನೆನಪಾಗುತ್ತದೆ. ಅಡಿಕೆ ಕಡಿದರೆ ಒಡೆಯಲ್ವಾ?

ಮೈಸೂರು ಮಾವ:
ನನ್ನದು ಲೋಹದ ಮೇಲೆ ಪಿಂಗಾಣಿ. ಆರನೇ ವರ್ಷ ನಿಪ್ಪಟ್ಟು ಕಡಿಯುವಾಗ ಒಂದು ಚಕ್ಕೆ ಎದ್ದು ಹೋಯಿತು. ಒಳಗಿನ ಲೋಹ ಕಾಣುತ್ತದೆ ಅಷ್ಟೇ. ಹಿಂದಿನ ಹಲ್ಲು, ಯಾರು ಬಗ್ಗಿ ನೋಡುತ್ತಾರೆ? ಇವತ್ತಿಗೂ ಅದರಲ್ಲೇ ಅಗಿಯುತ್ತೇನೆ.

ಲ್ಯಾಬ್ ಹುಡುಗ:
ಡೆಂಟಲ್ ಲ್ಯಾಬ್‌ನಲ್ಲಿ ಇವನ್ನೇ ಮಾಡುವುದು ನನ್ನ ಕೆಲಸ. ಮಾವ ಹೇಳಿದ ಚಕ್ಕೆಯ ಕಥೆ ಜಿರ್ಕೋನಿಯಾದಲ್ಲೂ ಆಗುತ್ತದೆ, ಮೇಲೆ ಪಿಂಗಾಣಿ ಪದರ ಹಚ್ಚಿದ್ದರೆ. ಅದಕ್ಕೇ ದವಡೆಗೆ ಪದರ ಇಲ್ಲದ, ಒಂದೇ ಗಟ್ಟಿಯಿಂದ ಕೊರೆದ ಜಿರ್ಕೋನಿಯಾ ಕೇಳಿ. ಇ-ಮ್ಯಾಕ್ಸ್ ಬಾಗಿಸುವ ಒತ್ತಡವನ್ನು ಸುಮಾರು 400 ಮೆಗಾಪಾಸ್ಕಲ್‌ವರೆಗೆ (ಒತ್ತಡ ಅಳೆಯುವ ಲೆಕ್ಕ) ತಡೆಯುತ್ತದೆ, ಗಟ್ಟಿ ಜಾತಿಯ ಜಿರ್ಕೋನಿಯಾ 1000ದ ಆಸುಪಾಸು. ಅದರಲ್ಲಿ ಸಣ್ಣ ಬಿರುಕು ಹುಟ್ಟಿದರೆ ಆ ಜಾಗದ ಹರಳುಗಳು ತುಸು ಉಬ್ಬಿ ಬಿರುಕನ್ನೇ ಅಮುಕಿ ಹಿಡಿಯುತ್ತವೆ, ಕಪ್ಪು ಬಸಿಗೆ ಈ ಗುಣ ಇಲ್ಲ. ಆದರೆ ಹೆಚ್ಚು ಬೆಳಕು ಹಾಯುವ, ಚೆಂದದ ಜಿರ್ಕೋನಿಯಾ ಅಷ್ಟು ಗಟ್ಟಿ ಅಲ್ಲ, ಯಾವುದು ಹಾಕುತ್ತಾರೆ ಅಂತ ಬಾಯಿ ಬಿಟ್ಟು ಕೇಳಿ. 5 ವರ್ಷದ ಲೆಕ್ಕದಲ್ಲಿ ಮೂರು ಜಾತಿಯವೂ ನೂರಕ್ಕೆ 90ಕ್ಕಿಂತ ಜಾಸ್ತಿ ಬಾಯಲ್ಲೇ ಉಳಿದಿರುತ್ತವೆ.

ದಾವಣಗೆರೆ ಅಕ್ಕ:
ಕ್ಯಾಪ್ ಒಡೆಯುವುದು ಬಿಡಿ, ನನಗೆ ಆಗಿದ್ದೇ ಬೇರೆ. ಜಿರ್ಕೋನಿಯಾ ಕ್ಯಾಪ್‌ಗೆ ಒಂದು ಗೀರೂ ಇಲ್ಲ, ಒಳಗಿನ ಹಲ್ಲೇ ಹುಳುಕಾಗಿ ಕ್ಯಾಪ್ ಸಮೇತ ಕೈಗೆ ಬಂತು! ಒಸಡಿನ ಹತ್ತಿರ, ಕ್ಯಾಪ್ ಮುಗಿದು ಹಲ್ಲು ಶುರುವಾಗುವ ಅಂಚಿನಲ್ಲಿ ಊಟ ಸಿಕ್ಕಿಕೊಳ್ಳುತ್ತಿತ್ತು, ನಾನು ಎರಡು ವರ್ಷ ಸುಮ್ನೆ ಕಡ್ಡಿ ಹಾಕಿ ತೆಗೆಯುತ್ತಿದ್ದೆ. ರೂಟ್ ಕೆನಾಲ್ ಆದ ಹಲ್ಲು, ಒಳಗಿನ ನರ ತೆಗೆದಿರುತ್ತಾರಲ್ಲ, ನೋವೂ ಗೊತ್ತಾಗಲಿಲ್ಲ. ವಾರಂಟಿ ಕಾರ್ಡ್ ತೋರಿಸಿದರೆ ಅದು ಕ್ಯಾಪ್‌ಗೆ ಮಾತ್ರ ಅಂದರು.

ಶಿರಸಿಯವ:
ಅಯ್ಯೋ. ಹಾಗಾದರೆ ಕೂರಿಸುವ ದಿನ ನಾನು ಏನು ನೋಡಬೇಕು?

ಲ್ಯಾಬ್ ಹುಡುಗ:
ಅಕ್ಕ ಹೇಳಿದ್ದು ಸರಿ, ಗಟ್ಟಿತನಕ್ಕಿಂತ ಅಂಚು ಮುಖ್ಯ. ಸಿಮೆಂಟ್ ಹಾಕುವ ಮೊದಲೇ ಫ್ಲಾಸ್ (ಹಲ್ಲಿನ ಸಂದಿಗೆ ಹಾಕುವ ದಾರ) ಹಾಕಿ ನೋಡಲು ಹೇಳಿ, ಪಕ್ಕದ ಹಲ್ಲಿಗೆ ಬಿಗಿಯಾಗಿ ತಾಗಬೇಕು. ಕಚ್ಚಿದಾಗ ಎತ್ತರ ಅನ್ನಿಸಿದರೆ ಸಂಕೋಚಪಟ್ಟು ಸರಿ ಇದೆ ಅನ್ನಬೇಡಿ. ಉಜ್ಜಿ ತಗ್ಗಿಸಿದ ಜಾಗಕ್ಕೆ ಮತ್ತೆ ಪಾಲಿಶ್ ಮಾಡಲೇಬೇಕು, ಒರಟಾಗಿ ಬಿಟ್ಟರೆ ಎದುರಿನ ಹಲ್ಲನ್ನು ಉಪ್ಪುಕಾಗದದ ತರ ಸವೆಸುತ್ತದೆ. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ನೈಟ್ ಗಾರ್ಡ್ (ಮಲಗುವಾಗ ಹಲ್ಲಿಗೆ ಹಾಕುವ ಕವಚ) ಕೇಳಿ. ಅಡಿಕೆ ವಿಷಯಕ್ಕೆ ಬೈಯಲ್ಲ, ಆದರೆ ಅಲ್ಲಿ ಬಾಯಿ ತೆರೆದಾಗಲೇ ಕೆನ್ನೆಯ ಒಳಭಾಗ, ನಾಲಿಗೆ ಎಲ್ಲಾ ಒಮ್ಮೆ ನೋಡಿಬಿಡಿ ಅನ್ನಿ.

ಮೈಸೂರು ಮಾವ:
ಕವಳ ಆ ಕಡೆ ಹಾಕಬೇಡ ಮಾರಾಯ, ಈ ಕಡೆ ಹಾಕು.