ಹೆದ್ದಾರಿ ಬಂದರೆ ನಮ್ಮೂರು ಉದ್ಧಾರ ಆಗುತ್ತದಾ?

ಪ್ರಶ್ನೆ (ಅರಕಲಗೂಡು ಕಡೆಯ ರೈತ): ಸರ್, ನಮಸ್ಕಾರ. ಆಲೂಗಡ್ಡೆ, ಜೋಳ ಬೆಳೆಯುತ್ತೇನೆ. ನಮ್ಮೂರ ಪಕ್ಕ ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿಗೆ ಸರ್ವೆ ಮಾಡಿ ಹೋಗಿದ್ದಾರೆ. ಇನ್ಮೇಲೆ ಊರಿಗೆ ಒಳ್ಳೇ ಕಾಲ ಅಂತ ಎಲ್ಲರೂ ಹೇಳುತ್ತಾರೆ. ರೋಡಿಗೆ ತಾಗಿ ಉಳಿಯುವ ಜಮೀನಲ್ಲಿ ಸಾಲ ಮಾಡಿ ನಾಲ್ಕು ಮಳಿಗೆ ಕಟ್ಟು ಅಂತ ಭಾವ ಒತ್ತಾಯ ಮಾಡುತ್ತಿದ್ದಾರೆ. ಕಟ್ಟಲಾ?

ಉತ್ತರ (ನಿವೃತ್ತ ರಸ್ತೆ ಇಂಜಿನಿಯರ್): ಈಗ ಬೇಡ. ರಾಷ್ಟ್ರೀಯ ಹೆದ್ದಾರಿಯ ಮಧ್ಯದಿಂದ 40 ಮೀಟರ್ ಒಳಗೆ ಕಟ್ಟಡಕ್ಕೆ ಅನುಮತಿ ಸಿಗುವುದಿಲ್ಲ. ಅದರಾಚೆ ಕಟ್ಟಿದರೂ ಗಾಡಿ ನಿಲ್ಲಬೇಕಲ್ವಾ? ಮೊದಲು ನಕ್ಷೆ ನೋಡಿ. ಹೆದ್ದಾರಿಗೆ ಹತ್ತುವ, ಇಳಿಯುವ ಜಾಗ ಎಲ್ಲಿದೆಯೋ ವ್ಯಾಪಾರ ಅಲ್ಲಿ ಸೇರುತ್ತದೆ. ನಡುವಿನ ಊರುಗಳ ಮುಂದೆ ಗಾಡಿಗಳು ಸುಮ್ನೆ ಹಾದುಹೋಗುತ್ತವೆ.

ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. 2023ರಲ್ಲಿ ಅದು ಉದ್ಘಾಟನೆ ಆಯಿತು. ಗಾಡಿಗಳು ಊರೊಳಗೆ ಬರುವುದು ಕಡಿಮೆಯಾಗಿ ಚನ್ನಪಟ್ಟಣದ ಬೊಂಬೆ ಅಂಗಡಿಗಳಿಗೆ, ಮದ್ದೂರಿನ ವಡೆ ಹೋಟೆಲ್‌ಗಳಿಗೆ ಪೆಟ್ಟು ಬಿತ್ತು. ಅದೇ ಆಗಸ್ಟ್‌ನಿಂದ ಮುಖ್ಯ ರಸ್ತೆಯಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್ ಬಂದ್. ಅವೆಲ್ಲ ಸರ್ವಿಸ್ ರಸ್ತೆಯಲ್ಲೇ ಓಡಬೇಕು. ನಿಮ್ಮ ಕಡೆ ಸರ್ವಿಸ್ ರಸ್ತೆಯೇ ಇಲ್ಲದಿದ್ದರೆ?

ರಸ್ತೆ ಬೇಡ ಅಂತ ನಾನು ಹೇಳುತ್ತಿಲ್ಲ. ಶಿರಾಡಿಯಲ್ಲಿ ಗುಡ್ಡ ಕುಸಿದು ಲಾರಿ ನಿಂತಾಗ ಆಗುವ ನಷ್ಟ ಸಕಲೇಶಪುರದವರಿಗೆ ಗೊತ್ತು. ಆದರೆ ನಿಮ್ಮ ಕಷ್ಟ ಬೇರೆ. ಮುಂಗಾರಿನ ಆಲೂಗಡ್ಡೆ ಎಲ್ಲರದ್ದೂ ಒಟ್ಟಿಗೆ ಕಿತ್ತು ಬರುತ್ತದೆ, ಮಂಡಿಯಲ್ಲಿ ರೇಟು ಬೀಳುತ್ತದೆ. ಒದ್ದೆ ಮಣ್ಣು ಮೆತ್ತಿದ ಗಡ್ಡೆಯನ್ನು ಚೀಲದಲ್ಲಿ ಹೆಚ್ಚು ದಿನ ಇಡುವ ಹಾಗೂ ಇಲ್ಲ, ಕೊಳೆಯುತ್ತದೆ. ಹೆದ್ದಾರಿ ಅದನ್ನು ಬೇಗ ಸಾಗಿಸಬಹುದು, ಕಾಯ್ದಿಡಲಾರದು. ಒಣಗಿಸುವ ಶೆಡ್, ಕೋಲ್ಡ್ ಸ್ಟೋರೇಜ್, ಹೊಲದಿಂದ ಹೆದ್ದಾರಿವರೆಗೆ ಕೆಸರಾಗದ ದಾರಿ, ಈ ಮೂರಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಇನ್ನೊಂದು ಮಾತು. ನಿಮ್ಮ ಮಾಲು ಬೇಗ ಹೊರಗೆ ಹೋಗುವ ರಸ್ತೆಯಲ್ಲೇ ಹೊರಗಿನ ಮಾಲೂ ಬೇಗ ಹಾಸನಕ್ಕೆ ಬರುತ್ತದೆ.

ಇನ್ನೊಬ್ಬರು: ಜಮೀನಿನ ರೇಟು ಏರುತ್ತದಲ್ವಾ ಸರ್?

ಉತ್ತರ: ಏರುತ್ತದೆ. ಮಾರುವವರಿಗೆ ಲಾಭ. ಪಕ್ಕದ ಅರ್ಧ ಎಕರೆ ಕೊಂಡು ಬೇಸಾಯ ಮಾಡಬೇಕು ಅಂದವರ ಕೈಗೆ ಎಟುಕುವುದಿಲ್ಲ.

ಮತ್ತೊಬ್ಬರು: ಸರ್, ನಮ್ಮ ಮನೆ ಆ ಕಡೆ, ಹೊಲ ಈ ಕಡೆ ಆಗುತ್ತದೆ. ದಿನಾ ಹಸು ಹೊಡೆದುಕೊಂಡು ಹೋಗಬೇಕು. ಏನು ಮಾಡೋದು?

ಉತ್ತರ: ಅಮ್ಮಾ, ಇದನ್ನು ಈಗಲೇ ಕೇಳಬೇಕು. ಗ್ರಾಮಸಭೆಯಲ್ಲಿ ಅಂಡರ್‌ಪಾಸ್ ಬೇಕು ಅಂತ ಠರಾವು ಮಾಡಿಸಿ, ಹೆದ್ದಾರಿ ಕೆಲಸ ನೋಡಿಕೊಳ್ಳುವ ಯೋಜನಾ ನಿರ್ದೇಶಕರ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಹುಲ್ಲು ಹೇರಿದ ಟ್ರ್ಯಾಕ್ಟರ್ ನುಗ್ಗುವಷ್ಟು ಎತ್ತರ, ಮಳೆನೀರು ನಿಲ್ಲದಂತೆ ಚರಂಡಿ, ಎರಡನ್ನೂ ಬರೆಯಿರಿ. ನಿಮ್ಮ ಜಮೀನೇ ಹೋಗುವುದಾದರೆ, ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಅಧಿಸೂಚನೆ ಪ್ರಕಟವಾದ 21 ದಿನದೊಳಗೆ ಲಿಖಿತ ಆಕ್ಷೇಪ ಸಲ್ಲಿಸಬಹುದು. ಖುದ್ದಾಗಿ ಹೋಗಿ ಹೇಳಿಕೊಳ್ಳುವ ಹಕ್ಕೂ ಇದೆ. ಸರ್ವೆ ನಂಬರ್ ಹಾಕಿ ಬರೆಯಿರಿ, ಪಹಣಿ ಜೊತೆಗಿಡಿ.