ಆಲೆಮನೆ ಲೆಕ್ಕದ ಕಂಪ್ಯೂಟರ್: ಆನ್ ಮಾಡಿದರೆ ಆರು ನಿಮಿಷ ಕಾಯಬೇಕು

ಪ್ರಶ್ನೆ (ಮಂಡ್ಯ)
ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಕಬ್ಬಿನ ತೂಕ, ಬೆಲ್ಲದ ಬಿಲ್ಲು ಎಲ್ಲಾ ಇದರಲ್ಲೇ. ಡೆಸ್ಕ್‌ಟಾಪ್ ಕಾಣಿಸೋಕೆ ಮೂರು ನಿಮಿಷ, ಟ್ಯಾಲಿ ತೆರೆಯೋಕೆ ಮತ್ತೆ ಮೂರು. ರೀಸ್ಟಾರ್ಟ್ ಕೊಟ್ಟರೆ ಇನ್ನೂ ನಿಧಾನ. ಟೆಂಪ್ ಫೈಲ್ ಅಳಿಸಿದ್ದಾಯ್ತು, ಕ್ಲೀನರ್ ಹಾಕಿದ್ದಾಯ್ತು. ಫಾರ್ಮ್ಯಾಟ್ ಮಾಡಿಸಲೇಬೇಕಾ?

ಉತ್ತರ (ಮೈಸೂರು)
ಬೇಡ. ಮೊದಲು ಹೊತ್ತು ಎಲ್ಲಿ ಹೋಗ್ತಿದೆ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ ತೆರೆಯಿರಿ. ಬಳಕೆ ನೂರಕ್ಕೆ ನೂರು ಇದ್ದು, ಓದುವ ವೇಗ ಸೆಕೆಂಡಿಗೆ ಒಂದೆರಡು ಎಂಬಿ ಮಾತ್ರ ಇದ್ದರೆ ಡಿಸ್ಕೇ ತಡೆ. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತಗೊಳ್ಳುತ್ತೆ. ಹೆಡ್ ಸರಿದಾಡುವುದೂ ಸೇರಿದರೆ ಸೆಕೆಂಡಿಗೆ ನೂರು ಚಿಲ್ಲರೆ ಓದು ಸಿಕ್ಕರೆ ಹೆಚ್ಚು. ವಿಂಡೋಸ್ ಏಳುವಾಗ ಕೇಳುವುದು ಸಾವಿರಾರು ಚಿಕ್ಕ ಚಿಕ್ಕ ಫೈಲು. ಟೆಂಪ್ ಅಳಿಸಿದರೆ ಇದು ಬದಲಾಗಲ್ಲ.

ರೀಸ್ಟಾರ್ಟ್ ನಿಧಾನ ಆಗೋದು ಸಹಜ. ಫಾಸ್ಟ್ ಸ್ಟಾರ್ಟಪ್ ಇದ್ದಾಗ ಶಟ್‌ಡೌನ್‌ನಲ್ಲಿ ಕರ್ನಲ್ (ವಿಂಡೋಸಿನ ತಿರುಳು) ಡಿಸ್ಕಿನಲ್ಲಿ ಉಳಿದಿರುತ್ತೆ, ರೀಸ್ಟಾರ್ಟ್‌ನಲ್ಲಿ ಎಲ್ಲಾ ಮೊದಲಿಂದ. ಆದ್ದರಿಂದ ಯಾವುದೇ ಬದಲಾವಣೆಯ ಮುಂಚೆ, ಆಮೇಲೆ ರೀಸ್ಟಾರ್ಟ್ ಕೊಟ್ಟೇ ಅಳೆಯಿರಿ.

ಅದೇ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಟ್ಯಾಬಿನಲ್ಲಿ ಅಪ್‌ಡೇಟರ್, ಚಾಟ್ ಆ್ಯಪ್, ಪ್ರಿಂಟರಿನ ಸಹಾಯಕ ಇವನ್ನೆಲ್ಲ ಡಿಸೇಬಲ್ ಮಾಡಿ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಇದ್ದರೆ ಇರಲಿ, ಅದು ಹಗುರ. ಬೆರಳ ಗುರುತು ಓದುವ ಯಂತ್ರ ಇಟ್ಟುಕೊಂಡಿದ್ದರೆ ಅದರ ಸರ್ವೀಸ್ ಮುಟ್ಟಬೇಡಿ.

ಉತ್ತರ (ಮದ್ದೂರು)
ಎಸ್‌ಎಸ್‌ಡಿಯೇ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನ ಡಿಸ್ಕ್) ನಿಜವಾದ ಪರಿಹಾರ; ತಡೆ ಡಿಸ್ಕಿನದೇ ಎಂಬುದನ್ನು ಒಪ್ಪುತ್ತೇನೆ. ಆದರೆ ಕರೆಂಟು ಆಗಾಗ ಕೈಕೊಡುವ ಕಡೆ ಡಿಸ್ಕೇ ಸಾಯುತ್ತಿರಬಹುದು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ತಂತ್ರಾಂಶ ಹಾಕಿ 05 (ಕೆಟ್ಟು ಬದಲಿಸಿದ ಸೆಕ್ಟರ್) ಮತ್ತು ಸಿ5 ಸಾಲು ನೋಡಿ. ಕೊನೆಯ ಕಾಲಂನಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ಬೇರೆಲ್ಲ ಕೆಲಸ ನಿಲ್ಲಿಸಿ, ಟ್ಯಾಲಿ ಡೇಟಾ ಫೋಲ್ಡರ್ ಮೊದಲು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ.

ಪ್ರಶ್ನೆ ಕೇಳಿದವರು
05 ಸೊನ್ನೆ. ಸಿ5 ಮಾತ್ರ 8 ಇದೆ. ಡೇಟಾ ಇಳಿಸಿದೆ. ಈಗ ಹಳೇ ಡಿಸ್ಕನ್ನು ಹೊಸದಕ್ಕೆ ಕ್ಲೋನ್ (ಹಾಗೇ ನಕಲು) ಮಾಡಬಹುದಾ?

ಉತ್ತರ (ಮದ್ದೂರು)
ಬೇಡ. ಸಿ5 ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು, ಕ್ಲೋನ್ ಅಲ್ಲೇ ಮುಗ್ಗರಿಸುತ್ತೆ. 2.5 ಇಂಚಿನ 240 ಅಥವಾ 256 ಜಿಬಿ ಸಾಟಾ ಎಸ್‌ಎಸ್‌ಡಿ, ಒಂದು ಸಾಟಾ ಡೇಟಾ ಕೇಬಲ್ ತನ್ನಿ. ವಿದ್ಯುತ್ತಿಗೆ, ಕ್ಯಾಬಿನೆಟ್ಟಿನ ಪವರ್ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಲ್ಲೇ ಖಾಲಿ ಕೊಂಡಿ ಇರುತ್ತೆ. ಯಂತ್ರ ಏಳುವಾಗಲೇ ತೆರೆಯುವ ಸೆಟ್ಟಿಂಗ್ ಆದ ಬಯೋಸ್‌ನಲ್ಲಿ ಸಾಟಾ ಮೋಡ್ ಎಎಚ್‌ಸಿಐ ಮಾಡಿ. ಹಳೇ ಡಿಸ್ಕಿನ ಕೇಬಲ್ ಬಿಚ್ಚಿಟ್ಟೇ ಹೊಸದಾಗಿ ವಿಂಡೋಸ್ ಹಾಕಿ. ಎರಡೂ ಜೋಡಿಸಿದ್ದರೆ ಬೂಟ್ ಫೈಲು ಹಳೇ ಡಿಸ್ಕಿನಲ್ಲಿ ಕೂತುಬಿಡುತ್ತೆ, ನಾಳೆ ಅದನ್ನು ತೆಗೆದ ದಿನ ಯಂತ್ರ ಏಳಲ್ಲ.

ಕ್ಯಾಬಿನೆಟ್ ಹೇಗೂ ತೆರೆಯುತ್ತೀರಲ್ಲ, ಒಲೆಯ ಬೂದಿ, ಸಿಪ್ಪೆ ಪುಡಿ ಫ್ಯಾನಿಗೆ ಮೆತ್ತಿರುತ್ತೆ. ರೆಕ್ಕೆ ಬೆರಳಲ್ಲಿ ಹಿಡಿದು ಬ್ರಷ್‌ನಲ್ಲಿ ಒರೆಸಿ.

ಉತ್ತರ (ಮೈಸೂರು)
ರ‍್ಯಾಮ್ 8 ಜಿಬಿ ಮಾಡಿದರೆ ಟ್ಯಾಲಿ ಜೊತೆ ಬ್ರೌಸರ್ ತೆರೆದಾಗ ಹಾಯಾಗಿರುತ್ತೆ, ಬೂಟ್‌ಗೆ ಅಷ್ಟೇನೂ ನೆರವಾಗಲ್ಲ. ಮದರ್‌ಬೋರ್ಡ್ ಕೇಳುವ ರ‍್ಯಾಮ್ ಬಗೆ ಡಿಡಿಆರ್3 ತಾನೇ ಅಂತ ನೋಡಿಯೇ ಕೊಳ್ಳಿ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಈ ಐ3 ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹಾಗಾಗಿ ಹಣವನ್ನು ಎಸ್‌ಎಸ್‌ಡಿಗೇ ಹಾಕಿ, ಅದನ್ನು ಮುಂದಿನ ಯಂತ್ರಕ್ಕೂ ಬಿಚ್ಚಿ ಜೋಡಿಸಬಹುದು.